ಶಿವರಾಜನ ದಂಟು ಅಂತಾರೆ, ಅದು ನನ್ನದು

ನನಗೆ ಪದವಿ ಒಲಿಯುವುದಿಲ್ಲ ಎಂದು ಮೊದಲು ಹೇಳಿದವರು ಗುಂಡಪ್ಪ ಮಾಮಾ. ಅವರು ನನ್ನ ಅವ್ವನ ಖಾಸಾ ಅಣ್ಣ, ಜಹೀರಾಬಾದಿನ ಒಂದು ಕಚೇರಿಯಲ್ಲಿ ಗುಮಾಸ್ತರು. ನಾನು ಮೆಟ್ರಿಕ್ ಪಾಸಾಗಿ, ನಾರಾಯಣಖೇಡ ಕಡೆಯ ನಮ್ಮ ಹಳ್ಳಿಯಿಂದ ಬಂದು ಅವರ ಮನೆಯ ಪಡಸಾಲೆಯಲ್ಲಿ ಟ್ರಂಕು ಇಳಿಸಿದ ದಿನವೇ ಆ ಮಾತು ಬಂತು. ಅಪ್ಪ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

"ನೋಡ್ರಿ ಭಾವನೋರ, ಕೂರಿಗಿ ಹಿಡಿಯೋ ಕೈಗಿ ಪೆನ್ನು ಕೊಟ್ರ ಹೆಸರು ಬರೀತದ, ಇಲ್ಲ ಅನ್ನಂಗಿಲ್ಲ. ಆದ್ರ ಬಿ.ಎ. ಅಂಬೂದು ಬ್ಯಾರೆ ಜಾತಿ ವಿದ್ಯಾ. ನಮ್ಮೊಳಗ ಅದು ಆದ್ರ ನಮ್ಮ ಶಿವರಾಜಗ ಆಗ್ತದ. ಇವಗ ಆಗೂದಲ್ಲ. ಇವಗ ಒಂದು ಕೈಕೆಲಸ ಹಚ್ಚೂಣು."

ಅಪ್ಪ ತಲೆಯಾಡಿಸಿದ. ಸಂಬಳದ ಮನೆಯವರ ಮಾತಿಗೆ ಹೊಲದ ಮನೆಯವರು ತಲೆಯಾಡಿಸುವುದು ಆಗಿನ ರೂಢಿ. ಮಾಮಾನ ಮಗ ಶಿವರಾಜ ಒಳಗಿನ ಕೋಣೆಯ ಬಾಗಿಲಿಗೆ ಒರಗಿ ನಿಂತು ನನ್ನ ಕಡೆ ನೋಡಿ ನಕ್ಕ. ಕೆಟ್ಟ ನಗುವಲ್ಲ. ಅವನಿಗೆ ಕೆಟ್ಟ ನಗು ನಗಲು ಬರುವುದಿಲ್ಲ. ಆದರೆ ನನ್ನ ಹೊಟ್ಟೆಯಲ್ಲಿ ಉರಿ ಹತ್ತಿದ್ದು ಅಂದೇ. ಈಗ ನಿವೃತ್ತನಾಗಿ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಆ ಉರಿ ಪೂರ್ತಿ ಆರಿದೆ ಎಂದು ಸುಳ್ಳು ಹೇಳಲಾರೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನ ಹತ್ತಿರ ಬಂದು ಕೇಳುತ್ತಾರೆ, ಆಂಪ್ಲಿಫೈಯರು, ರೆಕಾರ್ಡ್ ಪ್ಲೇಯರು, ಹಳೆಯ ವಾಲ್ವು ರೇಡಿಯೋ ಇವುಗಳನ್ನೆಲ್ಲ ರಿಪೇರಿ ಮಾಡುವುದು ಹೇಗೆ ಕಲಿತಿರಿ ಎಂದು. ರಿಪೇರಿ ಎಂಬುದು ದೊಡ್ಡ ಮಾತು. ನಾನು ಹೆಚ್ಚಾಗಿ ಮಾಡಿದ್ದು ಕೊಳೆ ತೆಗೆಯುವ ಕೆಲಸ. ಎಲ್ಲಿ ಒಂದು ಲೋಹ ಇನ್ನೊಂದು ಲೋಹವನ್ನು ಮುಟ್ಟಿ ಕರೆಂಟು ದಾಟಬೇಕೋ ಅಲ್ಲಿ ಕೊಳೆ ಕೂರುತ್ತದೆ. ಪ್ಲಗ್ಗಿನ ಕಡ್ಡಿ, ವಾಲ್ವು ಎಂಬ ಗಾಜಿನ ಬುರುಡೆಯ ಕಾಲು, ಬ್ಯಾಂಡು ಬದಲಿಸುವ ಸ್ವಿಚ್ಚಿನೊಳಗಿನ ತೆಳು ತಗಡಿನ ಎಲೆ, ಸ್ಪೀಕರಿನ ತಂತಿ ಕಚ್ಚುವ ತಿರುಪು. ಸತ್ತಿದೆ ಎಂದು ಹೊತ್ತು ತಂದ ಪೆಟ್ಟಿಗೆಗಳಲ್ಲಿ ಬಹುಪಾಲು ಸತ್ತಿರುವುದಿಲ್ಲ. ಮೈ ತೊಳೆದಿರುವುದಿಲ್ಲ, ಅಷ್ಟೇ.

ಮಾಮಾ ನನ್ನನ್ನು ಹಚ್ಚಿದ್ದು ಖಾದರ್ ಉಸ್ತಾದರ ಅಂಗಡಿಗೆ. ಬಸ್ ನಿಲ್ದಾಣದ ಹಿಂದಿನ ಓಣಿ, ಮುಂದೆ ಗೋಣಿತಟ್ಟಿನ ಪರದೆ. ಉಸ್ತಾದರು ಮಾತಿಗೆ ಮೃದು, ಕೈಗೆ ಒರಟು. ಅವರದು ಒಂದೇ ಮಂತ್ರ: "ಘಿಸೋ ಮಿಯಾ, ಘಿಸೋ." ಉಜ್ಜು ಎಂದರ್ಥ. ಪಾಲೀಶ್ ಕಾಗದದ ಒಂದು ಚೂರು ಕೈಗೆ ಕೊಟ್ಟು ಕೂರಿಸಿದರೆ ವಾಲ್ವಿನ ಕಾಲು ಕನ್ನಡಿಯ ಹಾಗೆ ಹೊಳೆಯುವ ತನಕ ಏಳುವಂತಿಲ್ಲ. ಹೊಳೆದ ಪೆಟ್ಟಿಗೆ ಹಾಡುತ್ತಿತ್ತು, ಗಿರಾಕಿ ಖುಷಿಯಿಂದ ಹೋಗುತ್ತಿದ್ದ, ಮುಂದಿನ ಮಳೆಗಾಲಕ್ಕೆ ಅದೇ ಪೆಟ್ಟಿಗೆ ಮರಳಿ ಬರುತ್ತಿತ್ತು. ಯಾಕೆ ಮರಳುತ್ತದೆ ಎಂದು ಉಸ್ತಾದರು ಎಂದೂ ಕೇಳಿಕೊಳ್ಳಲಿಲ್ಲ. ಗಿರಾಕಿ ಮರಳುವುದು ಅವರ ಲೆಕ್ಕದಲ್ಲಿ ಬರಕತ್ತು, ಅಂಗಡಿಯ ಏಳಿಗೆ.

ನನಗೆ ಅದು ತಿಳಿಯಲು ಕೆಲವು ವರ್ಷ ಹಿಡಿಯಿತು. ಸ್ವಿಚ್ಚಿನ ಎಲೆಗಳ ಮೇಲೆ ಬೆಳ್ಳಿಯ ತೆಳು ಲೇಪ ಇರುತ್ತದೆ. ಪಾಲೀಶ್ ಕಾಗದ ಮೊದಲು ಕೊಳೆಯನ್ನು ತಿನ್ನುತ್ತದೆ, ಆಮೇಲೆ ಬೆಳ್ಳಿಯನ್ನು ತಿನ್ನುತ್ತದೆ. ಬೆಳ್ಳಿ ಹೋದ ಮೇಲೆ ಒಳಗಿನ ಹಿತ್ತಾಳೆ ಗಾಳಿಗೆ ಬಿದ್ದು ಹಸಿರುಗಟ್ಟುತ್ತದೆ. ನಾವು ಉಜ್ಜಿ ಉಜ್ಜಿ ಮುಂದಿನ ರೋಗ ಬಿತ್ತುತ್ತಿದ್ದೆವು. ಇದನ್ನು ಉಸ್ತಾದರಿಗೆ ಹೇಳಿದಾಗ ಅವರು ಬೀಡಿ ಹೊಗೆ ಬಿಟ್ಟು, "ಬಡಾ ಇಂಜಿನಿಯರ್ ಆಯಾ" ಎಂದರು, ದೊಡ್ಡ ಇಂಜಿನಿಯರ್ ಬಂದ ಎಂದು. ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ನಾನು ಕಾಗದ ಬಿಟ್ಟು ಪೆನ್ಸಿಲ್ ಅಳಿಸುವ ರಬ್ಬರು ಹಿಡಿದೆ. ಹಳೆಯ ಪೋಸ್ಟ್ ಕಾರ್ಡನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಸಿ.ಟಿ.ಸಿ. ಎಂಬ ದ್ರವದಲ್ಲಿ ಅದ್ದಿ, ಸ್ವಿಚ್ಚಿನ ಎರಡು ಎಲೆಗಳ ನಡುವೆ ಮೆಲ್ಲಗೆ ಎಳೆಯಲು ಕಲಿತೆ. ಆ ದ್ರವವನ್ನು ನೀವು ಯಾರೂ ಮುಟ್ಟಬೇಡಿ. ಅದರ ಆವಿ ಒಳಗಿನ ಅಂಗಾಂಗ ಕೆಡಿಸುತ್ತದೆ ಎಂದು ಆಮೇಲೆ ಗೊತ್ತಾಯಿತು. ನಾವು ಅದರ ವಾಸನೆಗೆ ತಲೆ ತಿರುಗಿದರೆ ಹೊರಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆವು.

ಈ ನಡುವೆ ನಾನು ಇಂಟರ್ ಮುಗಿಸಿ ಬಿ.ಎ.ಗೆ ಕಟ್ಟಿದೆ. ಕಾಲೇಜಿಗೆ ಹೋಗದೆ ಹೊರಗಿನಿಂದ ಪರೀಕ್ಷೆ ಬರೆಯಲು ಅವಕಾಶವಿತ್ತು. ವಿಜ್ಞಾನ ಹಾಗೆ ಓದಲು ಬರುವುದಿಲ್ಲ, ಪ್ರಯೋಗಶಾಲೆ ಬೇಕು. ಅದಕ್ಕೇ ಇತಿಹಾಸ ತೆಗೆದುಕೊಂಡೆ. ರಾಜ್ಯ ಒಡೆದು ಸೇರಿಸುವ ಹೊತ್ತಿಗೆ ನಮ್ಮ ಊರು ತೆಲುಗರ ಕಡೆಗೆ ಬಿತ್ತು. ಮನೆಯಲ್ಲಿ ಕನ್ನಡ, ಏಳನೆಯ ತರಗತಿಯ ತನಕ ಕನ್ನಡ ಶಾಲೆ, ಅಲ್ಲಿಂದ ಮುಂದೆ ತೆಲುಗು, ಅಂಗಡಿಯಲ್ಲಿ ಉರ್ದು. ಹೀಗಾಗಿ ಮೂರು ಭಾಷೆಯಲ್ಲಿ ಜಗಳವಾಡಬಲ್ಲೆ. ಇಂಗ್ಲಿಷಿನಲ್ಲಿ ಮಾತ್ರ ಒಂದು ಅರ್ಜಿ ಬರೆಯಲು ಬೆವರುತ್ತಿದ್ದೆ. ಪದವಿಗೆ ಇಂಗ್ಲಿಷು ಕಡ್ಡಾಯ. ನನ್ನ ಸಂಕಟವೆಲ್ಲ ಆ ಒಂದು ವಿಷಯದ್ದು.

ಆಗಲೇ ಶಿವರಾಜ ಹೈದರಾಬಾದಿನ ಕಾಲೇಜು ಬಿಟ್ಟು ಬಂದ. ಯಾಕೆ ಬಿಟ್ಟ ಎಂದು ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಸಿನಿಮಾ, ಗೆಳೆಯರು, ಒಂದು ಧ್ವನಿವರ್ಧಕದ ಅಂಗಡಿಯಲ್ಲಿ ಹರಟೆ, ಹೀಗೆ ಏನೋ ಆಗಿ ಪರೀಕ್ಷೆಗೇ ಕೂತಿರಲಿಲ್ಲ. ಮಾಮಾ ಅವನನ್ನು ಉಸ್ತಾದರ ಅಂಗಡಿಗೇ ತಂದು ಬಿಟ್ಟರು. "ಸ್ವಲ್ಪ ದಿನ" ಎಂದರು. ಆ ಸ್ವಲ್ಪ ದಿನ ಇಪ್ಪತ್ತು ವರ್ಷ ದಾಟಿತು.

ನಾನು ಕಷ್ಟಪಟ್ಟು ಗಳಿಸಿದ ಜಾಗದ ಪಕ್ಕದಲ್ಲಿ ಅವನಿಗೊಂದು ಸ್ಟೂಲು ಬಂತು. ಬಂದ ವಾರದಲ್ಲೇ ಗಿರಾಕಿಗಳು ಅವನ ಕಡೆ ತಿರುಗಿ ಕೂರಲು ಶುರು ಮಾಡಿದರು. ಅವನು ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಗಿರಾಕಿಯ ಮಗಳ ಹೆಸರು ಕೇಳುತ್ತಿದ್ದ. ಹೆಂಗಸರು ಬಂದರೆ "ಅಕ್ಕೋರ, ನಿಮ್ಮ ರೇಡಿಯೋ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡದ, ಬಿಸಿನೀರು ಕುಡಸ್ತೀನಿ" ಎನ್ನುತ್ತಿದ್ದ. ನಾನು "ಸಾಕೆಟ್ಟು ಸಡಿಲಾಗಿದೆ" ಎಂದು ಸತ್ಯ ಹೇಳುತ್ತಿದ್ದೆ. ಸತ್ಯ ಕೇಳಲು ರೇಡಿಯೋ ಅಂಗಡಿಗೆ ಯಾರು ಬರುತ್ತಾರೆ? ನಾನು ಶುಚಿ ಮಾಡಿದ ಪೆಟ್ಟಿಗೆಯನ್ನು ಗಿರಾಕಿಯ ಕೈಗೆ ಕೊಡುವವನು ಅವನು. "ಶಿವರಾಜಣ್ಣನ ಕೈಗುಣ" ಎಂದು ಅವರು ಹೋಗುವರು. ಡಾಕ್ಟರ ಮನೆಯ ರೇಡಿಯೋಗ್ರಾಮು ಅವನಿಗೆ, ಇಲಿ ಕಡಿದ ತಂತಿ ನನಗೆ. ಉಸ್ತಾದರು ಹೊಸ ಮೀಟರು ತಂದಾಗಲೂ ಅದರ ಪೆಟ್ಟಿಗೆ ಬಿಚ್ಚಲು ಕರೆದದ್ದು ಅವನನ್ನು.

ಇನ್ನೊಂದು ಉರಿ ಇದಕ್ಕಿಂತ ದೊಡ್ಡದು. ಹೈದರಾಬಾದಿನ ಹರಟೆಯಲ್ಲಿ ಅವನು ಒಂದು ನಿಜವಾದ ಕೆಲಸ ಕಲಿತು ಬಂದಿದ್ದ. ಕ್ಯಾಸೆಟ್ಟುಗಳು ಆಗತಾನೇ ಮನೆಮನೆಗೆ ಬರುತ್ತಿದ್ದವು. ಟೇಪು ತಾಗುವ ತಲೆಯನ್ನು ಉಜ್ಜಬಾರದು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು, ಒಣಗಿದ ಮೇಲೇ ಟೇಪು ಹಾಕಬೇಕು ಎಂದು ಅವನು ತೋರಿಸಿದ. ಹೊಸ ಕಾಲದ ಪ್ಲಗ್ಗುಗಳಿಗೂ ಸ್ಪಿರಿಟ್ಟೇ ಸರಿ, ಸಿ.ಟಿ.ಸಿ. ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ ಎಂದ. ನಾನು ಎದುರು ವಾದಿಸಿದೆ. ಅವನದೇ ಸರಿ ಇತ್ತು. ನೀವು ಕಲಿಯುವಾಗ ಅವನ ಹಾಗೆಯೇ ಮಾಡಿ. ಇಷ್ಟು ಬರೆಯಲು ನನಗೆ ಎಷ್ಟು ಕಷ್ಟವಾಯಿತು ಎಂಬುದನ್ನೂ ತಿಳಿದಿರಿ.

ನನ್ನದು ಎಂದು ಹೇಳಿಕೊಳ್ಳುವ ವಿದ್ಯೆ ನನಗೆ ಸಿಕ್ಕಿದ್ದು ನಾರಾಯಣಖೇಡದಲ್ಲಿ.

ದಸರೆ ಮುಗಿದ ಮೇಲೆ ಆ ಕಡೆಯಿಂದ ರೇಡಿಯೋಗಳು ಗಾಡಿಗಟ್ಟಲೆ ಬರುತ್ತಿದ್ದವು. ಆಯುಧಪೂಜೆಯ ದಿನ ಕೂರಿಗೆ, ಕುಡುಗೋಲು, ಕೊಡಲಿಯ ಸಾಲಿನಲ್ಲಿ ರೇಡಿಯೋವನ್ನೂ ಕೂರಿಸುವುದು ಹೊಸ ಪದ್ಧತಿಯಾಗಿತ್ತು. ಅರಿಶಿನ, ಕುಂಕುಮ, ಊದುಬತ್ತಿ. ಬನ್ನಿ ಎಲೆಯನ್ನು ಮುಚ್ಚಳದ ಸಂದಿಗೆ ಸಿಕ್ಕಿಸುವುದು. ಅಷ್ಟಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಪೂಜೆಗೆ ಮೊದಲು ಕಬ್ಬಿಣದ ಸಾಮಾನಿಗೆಲ್ಲ ಎಣ್ಣೆ ಸವರುತ್ತಾರಲ್ಲ, ಆ ಎಣ್ಣೆ ಇದಕ್ಕೂ. ನಾನು ಅಲ್ಲಿಯ ಒಬ್ಬ ರೈತರ ಮನೆಗೆ ಹೋದಾಗ ಆ ಮನೆಯ ಯಜಮಾನಿ ತಾವೇ ತೋರಿಸಿದರು, ಗಿಂಡಿಯಿಂದ ಎಣ್ಣೆ ತೆಗೆದು ಬತ್ತಿಯಿಂದ ಪ್ಲಗ್ಗಿನ ಕಡ್ಡಿಗಳಿಗೆ ಹೇಗೆ ಸವರಿದೆನೆಂದು. ಹಿಂದಿನ ತೂತುಗಳೊಳಗೂ ನಾಲ್ಕು ಹನಿ.

"ಕುಡುಗೋಲಿಗಿ ಹಚ್ಚಿದ್ರ ತುಕ್ಕು ಹಿಡಿಯಂಗಿಲ್ಲರಿ. ಇದೂ ಕಬ್ಬಿಣೇ ಅಲ್ಲೇನು?"

"ಯಾವ ಎಣ್ಣಿ ಅವ್ವಾ?"

"ನಮ್ಮ ಹೊಲದ ಕುಸುಬಿ ಎಣ್ಣಿ. ಪೇಟಿ ಎಣ್ಣಿ ನಾವು ದೇವರಿಗಿ ಮುಟ್ಟಸಂಗಿಲ್ಲ."

ಕುಸುಬೆ ಎಣ್ಣೆಯ ಗುಣ ಅಡುಗೆಯವರಿಗೆ ಗೊತ್ತು. ಹೊರಗೆ ತೆಳ್ಳಗೆ ಬಿಟ್ಟರೆ ಅದು ಅಂಟಾಗಿ, ಕೊನೆಗೆ ಗಾಜಿನಂಥ ಪೊರೆಯಾಗಿ ಒಣಗುತ್ತದೆ. ಎಣ್ಣೆಯ ಗಿಂಡಿಯ ಕೊರಳಲ್ಲಿ ಹಳದಿಯಾಗಿ ಹತ್ತಿಕೊಂಡಿರುತ್ತದಲ್ಲ, ಅದೇ. ಆ ಪೊರೆ ಕರೆಂಟನ್ನು ದಾಟಲು ಬಿಡುವುದಿಲ್ಲ. ರಬ್ಬರಿಗೆ ಜಗ್ಗುವುದಿಲ್ಲ. ಸ್ಪಿರಿಟ್ಟಿಗೆ ಕರಗುವುದಿಲ್ಲ. ಸಿ.ಟಿ.ಸಿ.ಯಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಬಿಡುವುದಿಲ್ಲ. ಬ್ಲೇಡಿನಿಂದ ಕೆರೆದರೆ ಬೆಳ್ಳಿಯೂ ಬರುತ್ತದೆ. ನಾನು ಆ ಮನೆಯ ಅಂಗಳದಲ್ಲಿ ಕೂತು ಯೋಚಿಸುತ್ತಿದ್ದೆ. ಪಕ್ಕದಲ್ಲಿ ದನಗಳಿಗೆ ಹಾಕಿದ ಜೋಳದ ದಂಟು. ಸಣ್ಣವನಿದ್ದಾಗ ದಂಟಿನ ಸಿಪ್ಪೆ ಸೀಳಿ ಗಾಡಿ ಮಾಡುತ್ತ ಎಷ್ಟೋ ಸಲ ಬೆರಳು ಕೊಯ್ದುಕೊಂಡಿದ್ದೇನೆ. ಆ ಸಿಪ್ಪೆಯಿಂದ ಕಡ್ಡಿಯಂಥ ಒಂದು ಎಸಳು ಸೀಳಿ, ತುದಿಯನ್ನು ಉಗುರಿನ ಹಾಗೆ ಓರೆಯಾಗಿ ಕತ್ತರಿಸಿ, ನೆನೆದ ಪೊರೆಯ ಅಂಚಿಗೆ ಇಟ್ಟು ತಳ್ಳಿದೆ. ಪೊರೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಬೆಳ್ಳಿ ಇದ್ದ ಹಾಗೇ ಇತ್ತು. ಕಬ್ಬಿಣಕ್ಕಿಂತ ಮೆತ್ತಗೆ, ಮರಕ್ಕಿಂತ ಗಟ್ಟಿ, ಎಷ್ಟು ಸಣ್ಣ ಸಂದಿಗೂ ಹೋಗುವಷ್ಟು ತೆಳು. ನನ್ನ ಜೋಳ, ನನ್ನ ಹೊಲ. ಹೈದರಾಬಾದಿನ ಯಾವ ಅಂಗಡಿಯಲ್ಲೂ ಇದು ಕಲಿಸುವುದಿಲ್ಲ.

ಮರಳಿ ಬರುವಾಗ ಚೀಲದಲ್ಲಿ ಒಂದು ಹಿಡಿ ಒಣ ದಂಟು ತಂದೆ. ಉಸ್ತಾದರಿಗೂ ಹೇಳಲಿಲ್ಲ, ಶಿವರಾಜನಿಗಂತೂ ಮೊದಲೇ ಇಲ್ಲ. ಕುಸುಬೆ ಕುಡಿದ ಪೆಟ್ಟಿಗೆ ಬಂದರೆ ಗೋಡೆಯ ಕಡೆ ಮುಖ ಮಾಡಿ ಕೂತು ಮಾಡುತ್ತಿದ್ದೆ. "ಭಾವಾ, ಗ್ವಾಡಿ ಕೂಡ ಏನ್ ಮಾತಾಡ್ಲಿಕತ್ತಿ?" ಎಂದು ಶಿವರಾಜ ಕಾಡುತ್ತಿದ್ದ. ಅವನು ನನ್ನ ಮಾವನ ಮಗ, ನಮ್ಮಲ್ಲಿ ಆ ನಂಟಿಗೆ ಚೇಷ್ಟೆಯ ಹಕ್ಕಿದೆ. "ಹೆಣ್ಣು ಗೊತ್ತು ಮಾಡ್ಲಿಕತ್ತೀನಿ" ಎನ್ನುತ್ತಿದ್ದೆ. ಅಷ್ಟೇ ನಮ್ಮ ಮಾತು.

ಇಂಗ್ಲಿಷಿನಲ್ಲಿ ನಾನು ಎರಡು ಸಲ ಬಿದ್ದೆ. ಉಳಿದೆಲ್ಲ ಪಾಸು. ಮಾಮಾ ಫಲಿತಾಂಶ ಕೇಳಿ ಛತ್ರಿ ಹಿಡಿದು ಕಚೇರಿಗೆ ಹೊರಡುತ್ತಿದ್ದರು. ಅದೇ ಹೆಚ್ಚು ಚುಚ್ಚುತ್ತಿತ್ತು. ಮೂರನೆಯ ಸಲ ಕಟ್ಟಿದಾಗ ಸುದ್ದಿ ಬಂತು, ಹಳೆಯ ಪಠ್ಯ ಆ ವರ್ಷಕ್ಕೆ ಮುಗಿಯುತ್ತದೆ, ಈ ಸಲ ತಪ್ಪಿದರೆ ಎಲ್ಲ ವಿಷಯವನ್ನೂ ಹೊಸದಾಗಿ ಮೊದಲಿನಿಂದ ಬರೆಯಬೇಕು ಎಂದು. ಮತ್ತೆ ಅಷ್ಟು ವರ್ಷ ಓದುವ ಚೈತನ್ಯ ನನ್ನಲ್ಲಿರಲಿಲ್ಲ. ನನಗಾಗಲೇ ಮದುವೆ ಗೊತ್ತಾಗಿತ್ತು. ಆ ಒಂದು ಪರೀಕ್ಷೆ ಇಲ್ಲವೆಂದರೆ ಪದವಿಯೂ ಇಲ್ಲ. ಅಷ್ಟು ಸರಳ.

ಅದೇ ಹೊತ್ತಿಗೆ ತಾಂಡೂರಿನ ಒಬ್ಬ ಬಂಡೆ ವ್ಯಾಪಾರಿಯ ಮನೆಯಿಂದ ದೂರು ಬಂತು. ಅವರಲ್ಲಿ ಹೊಸ ಸ್ಟೀರಿಯೋ: ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು, ಎರಡು ಆಳೆತ್ತರದ ಸ್ಪೀಕರು. ಎಡಗಡೆಯ ಸ್ಪೀಕರು ನಡುನಡುವೆ ಮೂಕಾಗುತ್ತದೆ. ಶಿವರಾಜ ಎರಡು ಸಲ ಹೋಗಿ ಬಂದಿದ್ದ. ಹೋದಾಗ ಹಾಡುತ್ತಿತ್ತು, ಅವನಿಗೆ ಊಟ ಹಾಕಿ ಹೊಗಳಿ ಕಳಿಸಿದ್ದರು, ಮತ್ತೆ ಮೂಕಾಗಿತ್ತು. ಮಗಳ ನಿಶ್ಚಯ ಇತ್ತು ಅವರ ಮನೆಯಲ್ಲಿ. ಉಸ್ತಾದರು ನನ್ನ ಕಡೆ ನೋಡಿದರು. ನಾಡಿದ್ದು ನನ್ನ ಪರೀಕ್ಷೆ ಅಲ್ಲವೇ ಎಂದು ಅವರೇ ಕೇಳಿದರು. ನಾಳೆ ಬೆಳಗಿನ ಬಸ್ಸಿಗೆ ಹೋಗಿ, ಮಧ್ಯಾಹ್ನದ ರೈಲು ಹಿಡಿದು ತಾಂಡೂರಿನಿಂದಲೇ ಹೈದರಾಬಾದಿಗೆ ಹೋಗುತ್ತೇನೆ ಎಂದೆ. ಬೇಡ ಎನ್ನಬಹುದಿತ್ತು. ಶಿವರಾಜನಿಗೆ ಆಗದ ಕೆಲಸ ಎಂದ ಮೇಲೆ ನನ್ನ ನಾಲಿಗೆಯಿಂದ ಬೇಡ ಎಂಬ ಮಾತು ಹೊರಡಲಿಲ್ಲ.

ತಾಂಡೂರಿನಲ್ಲಿ ಬಂಡೆ ಕೊಯ್ಯುವ ಪುಡಿ ಎಲೆಯ ಮೇಲೂ ಕೂತಿರುತ್ತದೆ, ಎಮ್ಮೆಯ ಬೆನ್ನ ಮೇಲೂ ಕೂತಿರುತ್ತದೆ. ಆ ಮನೆ ಕೊಯ್ಯುವ ಯಂತ್ರಗಳಿಗೆ ಹತ್ತಿರ. ವ್ಯಾಪಾರಿ ಬಾಗಿಲಲ್ಲೇ ಕೇಳಿದ್ದು, "ಶಿವರಾಜ್ ರಾಲೇದಾ?" ಶಿವರಾಜ ಬರಲಿಲ್ಲವೇ ಎಂದು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಶಿವರಾಜ ಹಿಂದಿನ ಗುಂಡು ಪ್ಲಗ್ಗನ್ನು ಸ್ಪಿರಿಟ್ಟಿನಿಂದ ಚೆನ್ನಾಗಿ ಒರೆಸಿದ್ದ. ತಪ್ಪು ಅಲ್ಲಿರಲಿಲ್ಲ. ಹಾಡು ಹಚ್ಚಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಪೆಟ್ಟಿಗೆಯನ್ನು ಅಲ್ಲಲ್ಲಿ ಮೆತ್ತಗೆ ತಟ್ಟುತ್ತ ಬಂದೆ. ನೀವೂ ಹೀಗೇ ಹುಡುಕಿ, ಕಣ್ಣಿಗಿಂತ ಮೊದಲು ಕಿವಿ. ಮುಂದಿನ ಸ್ವಿಚ್ಚಿನ ಹತ್ತಿರ ತಟ್ಟಿದಾಗ ಎಡಗಡೆ ಸತ್ತಿತು. ಕರೆಂಟು ತೆಗೆದು, ಮುಚ್ಚಳ ಬಿಚ್ಚಿ, ಒಳಗೆ ಉಳಿದ ಚಾರ್ಜು ಇಳಿಸಿ ನೋಡಿದರೆ ಅಲ್ಲಿ ಬೂದಿ ಬಣ್ಣದ ಗಾರೆ. ಯಾರೋ ಗಾಳಿಯಾಡುವ ಸಂದಿಯಿಂದ ಎಣ್ಣೆ ಬಿಟ್ಟಿದ್ದರು, ಬಂಡೆಯ ಪುಡಿ ಅದರಲ್ಲಿ ಕಲೆತು ಗಟ್ಟಿಯಾಗಿತ್ತು. ವ್ಯಾಪಾರಿಯ ತಾಯಿ, ಹಣ್ಣು ಮುದುಕಿ, ಗೋಡೆಗೆ ಒರಗಿ ಕೂತಿದ್ದರು. ನಾನು ಬೆರಳಿಗೆ ಹತ್ತಿದ್ದನ್ನು ಮೂಸಿ ನೋಡುವುದನ್ನು ಕಂಡು ಕನ್ನಡದಲ್ಲೇ ಹೇಳಿದರು, ಪ್ರತಿ ಶುಕ್ರವಾರ ಒಂದು ಹನಿ ಹಾಕುತ್ತೇನೆ, ಒಳಗಿನ ಗಾಲಿ ಕಿರುಗುಟ್ಟಬಾರದಲ್ಲ ಎಂದು. ಅವರ ತವರು ನಮ್ಮ ಕಡೆ. ಎಣ್ಣೆ ತವರಿನ ಕುಸುಬೆಯದು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಇದು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಬಿಡಿಸಬಲ್ಲ ಗಂಟು.

ಆದರೆ ಪುಡಿ ಕಲೆತ ಪೊರೆ ನೆನೆಯಲು ಹೊತ್ತು ಹಿಡಿಯಿತು. ಸ್ವಿಚ್ಚಿನ ಬಲಗಡೆಯ ಎಲೆಗಳು ಮುಗಿದು ಎಡಗಡೆ ಶುರುವಾಗುವ ಹೊತ್ತಿಗೆ ಬಿಸಿಲು ನಡುಮನೆಗೆ ಬಂದಿತ್ತು. ರೈಲಿನ ಹೊತ್ತು ನನಗೆ ಗೊತ್ತಿತ್ತು. ಬಿಚ್ಚಿದ್ದನ್ನು ಹಾಗೇ ಬಿಟ್ಟು ಎದ್ದರೆ ಈ ಮನೆಯವರು ಏನು ಹೇಳುತ್ತಾರೆಂಬುದೂ ಗೊತ್ತಿತ್ತು: ಇವನು ಬಿಚ್ಚಿಟ್ಟು ಓಡಿದ, ಶಿವರಾಜನೇ ವಾಸಿ. ಎಸಳು ಬದಲಿಸಿ ಮತ್ತೆ ಬಗ್ಗಿದೆ. ಇನ್ನೊಂದು ಎಲೆ, ಇನ್ನೊಂದೇ ಎಲೆ ಎಂದು.

ಆಗ ಬಾಗಿಲಲ್ಲಿ ಗದ್ದಲವಾಯಿತು. ಮನೆಯವರೆಲ್ಲ ಎದ್ದು "ರಾ ರಾ ಶಿವರಾಜ್" ಎನ್ನುತ್ತಿದ್ದರು. ಅವನು ಬಸ್ಸಿನಲ್ಲಿ ಬಂದಿದ್ದ, ಕಂಕುಳಲ್ಲಿ ನನ್ನ ಇಸ್ತ್ರಿ ಅಂಗಿ. ನಾನು ಬೆಳಿಗ್ಗೆ ಅವಸರದಲ್ಲಿ ಮರೆತು ಬಂದದ್ದು. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಏಳು ಭಾವಾ. ಗಾಡಿ ಹೊತ್ತಾತು."

"ನಾ ಬಿಚ್ಚಿದ್ದು ನಾನೇ ಮುಚ್ತೀನಿ. ನೀ ಯಾಕ ಬಂದಿ?"

"ನಿನ್ನ ಬದಲಿ ಪರೀಕ್ಷಾ ಬರೀಲಾಕ ಬಂದಿಲ್ಲ, ಅಂಜಬ್ಯಾಡ. ಅದಕ್ಕ ಅಂಜೇ ಕಾಲೇಜು ಬಿಟ್ಟು ಓಡಿ ಬಂದಾವ ನಾನು." ದನಿ ತಗ್ಗಿಸಿದ. "ನೀ ಎದ್ದು ಬರಂಗಿಲ್ಲ ಅಂತ ನನಗ ಗೊತ್ತಿತ್ತು. ನಾ ಮಾಡದ್ದು ನೀ ಮಾಡಬೇಕು, ಅದೇ ಅಲ್ಲೇನು ನಿನ್ನ ಹಟ? ಹೇಳು ಏನ್ ಉಳದದ. ನಾ ಮಾಡ್ತೀನಿ."

ಅವನಿಗೆ ಎಲ್ಲ ಗೊತ್ತಿತ್ತು. ಅಷ್ಟು ವರ್ಷ ನಾನು ಗೋಡೆಗೆ ಮುಖ ಮಾಡಿ ಅಡಗಿಸಿಟ್ಟದ್ದು ನನ್ನ ಕೈಯಲ್ಲೇ ಇತ್ತು, ತುದಿಗೆ ಬೂದಿ ಬಣ್ಣದ ಗಾರೆ ಹತ್ತಿಕೊಂಡು. ಅದನ್ನು ಕೊಡದೆ ಎದ್ದರೆ ಅವನು ಬ್ಲೇಡು ಹಿಡಿಯುತ್ತಾನೆ, ಬೆಳ್ಳಿ ಹೋಗುತ್ತದೆ. ಕೊಟ್ಟು ಎದ್ದರೆ ನನ್ನದು ಎಂಬುದು ಒಂದೂ ಉಳಿಯುವುದಿಲ್ಲ. ಏಳದೆ ಕೂತರೆ ಪದವಿ ಇಲ್ಲ. ದೂರದಲ್ಲಿ ಯಾವುದೋ ಗೂಡ್ಸು ಗಾಡಿ ಕೂಗಿತು.

"ಇದು ಜೋಳದ ದಂಟು," ಎಂದೆ. "ಒಣಗಿದ್ದು ಇರಬೇಕು. ತುದಿ ಹಿಂಗ ಓರೆ ಕೊಯ್ಯಬೇಕು. ನೆನೆದ ಮ್ಯಾಲೇ ಮುಟ್ಟು, ಅಂಚಿಗಿಟ್ಟು ತಳ್ಳು, ಎಳೀಬ್ಯಾಡ. ಮೊದಲು ಕೈ ಹಗುರ ಮಾಡಿಕೋ."

ಅವನು ಎಸಳನ್ನು ಬೆಳಕಿಗೆ ಹಿಡಿದು ನೋಡಿದ. ನಗಲಿಲ್ಲ. "ಇದೇನಾ ನೀ ಗ್ವಾಡಿಗಿ ಹೇಳೂದು?" ಎಂದು ಮಾತ್ರ ಕೇಳಿದ. ಒಂದು ಎಲೆ ನನ್ನೆದುರಿಗೇ ಬಿಡಿಸಿದ. ಸರಿಯಾಗಿ ಬಂತು. ಅದೂ ನನಗೆ ಹಿಡಿಸಲಿಲ್ಲ, ಮೊದಲ ಸಲಕ್ಕೇ ಅಷ್ಟು ಸರಿಯಾಗಿ ಬರಬಾರದಿತ್ತು. ಅಂಗಿ ತೆಗೆದುಕೊಂಡು ನಿಲ್ದಾಣಕ್ಕೆ ಓಡಿದೆ. ಗಾಡಿ ತಡವಾಗಿ ಬಂದದ್ದರಿಂದ ಸಿಕ್ಕಿತು.

ಮರುದಿನ ಪರೀಕ್ಷೆ ಬರೆದೆ. ಪ್ರಬಂಧಕ್ಕೆ ಬಂದ ವಿಷಯ, ನೀವು ಇಷ್ಟಪಡುವ ಹವ್ಯಾಸ. ಬೆರಳಲ್ಲಿ ಇನ್ನೂ ಸಿ.ಟಿ.ಸಿ. ವಾಸನೆ ಇತ್ತು. ತೋಟಗಾರಿಕೆ ಎಂದು ಬರೆದೆ, ಅದನ್ನೇ ಬಾಯಿಪಾಠ ಮಾಡಿದ್ದೆ.

ಜಹೀರಾಬಾದಿಗೆ ಮರಳುವ ಹೊತ್ತಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ತಾಂಡೂರಿನಲ್ಲಿ ಎರಡೂ ಸ್ಪೀಕರು ಹಾಡಿದ್ದವು, ಯಾವ ಲಾರಿ ಹೋಗಿ ಮನೆ ಅದುರಿದರೂ ಹಾಡು ನಿಂತಿರಲಿಲ್ಲ. ಶಿವರಾಜನಿಗೆ ನಿಶ್ಚಯದ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದ್ದರು. ಉಸ್ತಾದರು ಅವನ ಬೆನ್ನು ತಟ್ಟುತ್ತ ಗಿರಾಕಿಗಳಿಗೆ ದಂಟಿನ ಕತೆ ಹೇಳುತ್ತಿದ್ದರು. ಇದನ್ನು ಕಲಿಸಿದವನು ನಮ್ಮ ಭಾವ ಎಂದು ಎಲ್ಲರಿಗೂ ಹೇಳಿದ್ದೇನೆ ಎಂದು ಶಿವರಾಜ ಇಂದಿಗೂ ಆಣೆ ಮಾಡುತ್ತಾನೆ. ಹೇಳಿರಬಹುದು. ಅವನ ಬಾಯಲ್ಲಿ ಬಂದರೆ ಅದೂ ಅವನ ದೊಡ್ಡತನ ಎನಿಸುತ್ತದೆ, ಕೇಳಿದವರು ಅವನನ್ನೇ ಮೆಚ್ಚಿ ಹೋಗುತ್ತಾರೆ. ಆಮೇಲೆ ಬೀದರಿನ ತನಕ ರೇಡಿಯೋದವರು ಆ ಉಪಾಯಕ್ಕೆ ಶಿವರಾಜನ ದಂಟು ಎಂದೇ ಹೆಸರಿಟ್ಟರು. ಡಬ್ಬಿಯಿಂದ ಬುಸ್ ಎಂದು ಹೊಡೆಯುವ ಔಷಧ ಬಂದ ಮೇಲೆ ದಂಟು ಹೋಯಿತು, ಹೆಸರು ಉಳಿಯಿತು. ಅದಕ್ಕೇ ಈ ಬರಹದ ತಲೆಯ ಮೇಲೆ ನಾನು ಬರೆದಿರುವುದನ್ನು ಇನ್ನೊಮ್ಮೆ ಓದಿ.

ಆ ಔಷಧದ ಬಗ್ಗೆಯೂ ಒಂದು ಮಾತು. ಅದು ಬಂದ ಮೇಲೆ ಹೊಸಬರು ಪೆಟ್ಟಿಗೆ ಬಿಚ್ಚುವುದನ್ನೇ ಬಿಟ್ಟರು. ಸಂದಿಯಿಂದ ಹೊಡೆಯುತ್ತಾರೆ, ಗರಗರ ಸದ್ದು ನಿಲ್ಲುತ್ತದೆ, ಹಣ ಪಡೆಯುತ್ತಾರೆ. ಕೊಳೆ ಅಲ್ಲಿಂದ ಇಲ್ಲಿಗೆ ಸರಿದಿರುತ್ತದೆ, ಹೊರಗೆ ಬಂದಿರುವುದಿಲ್ಲ. ಬಿಚ್ಚಿ ನೋಡಿ. ಹೊಡೆದ ಮೇಲೆ ಗುಂಡಿಯನ್ನು ಎರಡೂ ಕಡೆ ತುದಿಯ ತನಕ ತಿರುಗಿಸಿ. ಒರೆಸಿ. ಒಣಗಲು ಬಿಡಿ. ಸಡಿಲಾದ ಸಾಕೆಟ್ಟನ್ನು ಸೂಜಿಯಿಂದ ಒಳಗೆ ಬಗ್ಗಿಸಿ ಬಿಗಿ ಮಾಡಿ. ಶುಚಿಯಾದರೂ ಮುಟ್ಟದೇ ಇದ್ದರೆ ಏನು ಪ್ರಯೋಜನ?

ನಾನು ಪಾಸಾದೆ. ಮೂರನೆಯ ದರ್ಜೆ. ಆಮೇಲೆ ಒಂದು ಕಂಪನಿಯ ಸರ್ವೀಸ್ ಸೆಂಟರಿಗೆ ಸೇರಿದೆ, ಮೇಲೆ ಹೋದೆ; ಅದನ್ನೆಲ್ಲ ಬರೆದರೆ ಓದುವವರಿಗೆ ನಿದ್ದೆ ಬರುತ್ತದೆ. ಸರ್ಟಿಫಿಕೇಟು ತರಲು ಹೈದರಾಬಾದಿಗೆ ಹೋದೆ. ಕಿಟಕಿಯ ಆಚೆ ಕೂತವನು ತಲೆ ಎತ್ತದೆ ನನ್ನ ಹೆಸರು ಕೇಳಿದ, ಕಟ್ಟಿನಿಂದ ಒಂದನ್ನು ಎಳೆದ, ಸಕ್ಕರೆ ಚೀಟಿ ಕೊಟ್ಟ ಹಾಗೆ ಹೊರಗೆ ತಳ್ಳಿ, "ಮುಂದಿನವರು" ಎಂದ. ಬಸ್ಸಿನಲ್ಲಿ ಅದನ್ನು ಎದೆಗೆ ಒತ್ತಿ ಕೂತಿದ್ದೆ, ಮಡಚಲು ಮನಸ್ಸಾಗಲಿಲ್ಲ.

ಇಳಿದು ನೇರ ಮಾಮಾನ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಕಚೇರಿಯ ಕಾಗದ ನೋಡುವ ಹಾಗೆ ಮೊಹರು ನೋಡಿದರು, ಹಿಂದೆ ತಿರುಗಿಸಿ ನೋಡಿದರು, ದರ್ಜೆ ಯಾವುದು ಎಂದು ಕೇಳಿ ತಲೆಯಾಡಿಸಿ ಎದ್ದು ಹೊರಗೆ ಹೋದರು. ಶಿವರಾಜ ಅದನ್ನು ನನ್ನ ಕೈಯಿಂದ ಕಸಿದು ಓಣಿಯವರಿಗೆಲ್ಲ ಓದಿ ಹೇಳಿದ. ನಮ್ಮ ಭಾವ ಬಿ.ಎ. ಆಗ್ಯಾನ ಎಂದು ಕೂಗಿ, ಮರಳಿ ತಂದು ನನ್ನ ಕೈಗಿಟ್ಟ. ಅವನ ಮುಖದಲ್ಲಿ ಎಲ್ಲಾದರೂ ಒಂದು ಎಳೆ ಉರಿ ಇದೆಯೇ ಎಂದು ನಾನು ಹುಡುಕುತ್ತಿದ್ದೆ. ಇರಲಿಲ್ಲ. ಇಷ್ಟು ವರ್ಷ ನಾನು ಸುಟ್ಟುಕೊಂಡದ್ದರಲ್ಲಿ ಕಾಲು ಪಾಲಾದರೂ ಅವನಿಗೆ ಆಗಬಾರದೇ?

ಅತ್ತಿ, ಅಂದರೆ ಶಿವರಾಜನ ತಾಯಿ, ನಡುಮನೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಮೊರ ಬದಿಗಿಟ್ಟು, ಸೆರಗಿಗೆ ಕೈ ಒರೆಸಿ, ಎರಡೂ ಅಂಗೈ ಚಾಚಿದರು. ನಾನು ಸರ್ಟಿಫಿಕೇಟನ್ನು ಅವರ ಕೈಯಲ್ಲಿಟ್ಟೆ. ಅವರಿಗೆ ಓದಲು ಬರುವುದಿಲ್ಲ. ನಿನ್ನ ಹೆಸರು ಎಲ್ಲಿದೆ ತೋರಿಸು ಎಂದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡರು. ಹೊರಗೆ ಶಿವರಾಜನ ದನಿ ಕೇಳುತ್ತಿತ್ತು, ಯಾರಿಗೋ ಪೇಢೆ ಹಂಚುತ್ತಿದ್ದ.

"ಒಂದೇ ಹಂಚಿನ ಮ್ಯಾಲಿನ ರೊಟ್ಟಿ ಇಬ್ಬರಿಗೂ ಹಾಕೀನಿ, ಶರಣಪ್ಪ," ಎಂದರು ಅತ್ತಿ. "ಇದು ನೋಡಿ ನನಗ ಸಂತೋಷ ಆಗಬೇಕು, ಆಗವಲ್ದು. ಇಲ್ಲಿ ನನ್ನ ಮಗನ ಹೆಸರು ಯಾಕ ಇಲ್ಲ ಅಂತೇ ಹೊಟ್ಟಿ ಉರೀತದ. ತಪ್ಪು ತಿಳೀಬ್ಯಾಡಪ್ಪ, ನಿನಗಲ್ಲದ ಯಾರಿಗಿ ಹೇಳಲಿ ಇದು?"